ಗವಸಿಲ್ಲದ ಕೈ

ಸಂತಾಪ ಹೇಳಲು ಬಂದವರ ಸಾಲಿಗೆ ಪಿರೋಶ್ಕಾ ಮತ್ತೊಮ್ಮೆ ಬಲಗೈ ಚಾಚಿದಳು. ಎದುರಿಗೆ ನಿಂತಿದ್ದ ಮುದುಕ ಎಡಗೈ ಚಾಚಿದ.

"ಸ್ಮಶಾನದಲ್ಲಿ ಎಡಗೈ ಕೊಡ್ತಾನಲ್ಲೇ," ಗಂಡನ ಅಕ್ಕ ಎತೆಲ್ಕಾ ಪಿಸುಗುಟ್ಟಿದಳು. "ಯಾರಿವನು?"

"ಗೆಡೆಯೋನ್, ಅತ್ತಿಗೆ."

"ಅವನಾ? ನನ್ನ ತಮ್ಮ ಪೆಟ್ಟಿಗೆ ಸೇರಿದ್ಮೇಲೆ ದಾರಿ ಸಿಕ್ತಾ?"

ಕತ್ತಿವರಸೆಯ ಆಟದಲ್ಲಿ ಸೇಬರ್ ಕತ್ತಿ ಹಿಡಿಯುವ ಬಲಗೈಗೆ ಗವಸು. ಆಟ ಮುಗಿದ ಮೇಲೆ ಎದುರಾಳಿಗೆ ಕೊಡುವುದು ಗವಸಿಲ್ಲದ ಎಡಗೈ. ಗೆಡೆಯೋನನ ಕೈ ಅದೊಂದನ್ನು ಮರೆತಿರಲಿಲ್ಲ.

*

ಬುಡಾಪೆಸ್ಟ್, ಎಷ್ಟೋ ವರ್ಷಗಳ ಹಿಂದೆ. ರಾಷ್ಟ್ರೀಯ ಫೈನಲ್, ಕೊನೆಯ ಅಂಕ. ಪಿರೋಶ್ಕಾಳ ಗಂಡ ಬೊತೋಂಡ್, ಗೆಡೆಯೋನ್ ಇಬ್ಬರೂ ಒಟ್ಟಿಗೇ ಹಾರಿದರು. ಕತ್ತಿಗಳು ಕಾಣಲಿಲ್ಲ, ಗಾಳಿ ಸೀಳಿದ ಸದ್ದಷ್ಟೇ. ತೀರ್ಪುಗಾರರು ಅಂಕವನ್ನು ಬೊತೋಂಡನಿಗೆ ಕೊಟ್ಟರು.

"ಏಟು ನಂದು," ಎಂದ ಗೆಡೆಯೋನ್, ಮುಖದ ಜಾಲರಿಯನ್ನೂ ತೆಗೆಯದೆ ಹೊರಟುಹೋದ. ಬೊತೋಂಡನ ಎಡಗೈ ದೀಪಗಳ ಕೆಳಗೆ ಹಾಗೇ ಚಾಚಿಕೊಂಡಿತ್ತು.

ಆಮೇಲೆ ಬೊತೋಂಡ್ ವಿಶ್ವ ಚಾಂಪಿಯನ್ ಆದ. ಶಾಲೆಯ ವ್ಯಾಯಾಮದ ಮೇಷ್ಟ್ರಾದ. ಬ್ರೆಡ್ಡನ್ನು ಸೊಟ್ಟಸೊಟ್ಟಗೆ ಕತ್ತರಿಸಿ ಅಕ್ಕನಿಂದ ಬೈಸಿಕೊಂಡ. ಗಸಗಸೆ ಶಾವಿಗೆ ತಿಂದು ದಪ್ಪಗಾದ. ನಿದ್ದೆಯಲ್ಲಿ ಮಾತ್ರ ಅವನ ಎಡಗೈ ಹೊದಿಕೆಯಿಂದ ಹೊರಗೆ ತೇಲಿಬಂದು ತೆರೆದುಕೊಳ್ಳುತ್ತಿತ್ತು. ಒಮ್ಮೆ ಪಿರೋಶ್ಕಾ ಅದರಲ್ಲಿ ತನ್ನ ಕೈ ಇಟ್ಟಳು.

"ನೀನಲ್ಲ," ಎಂದ, ಎಚ್ಚರವಾಗದೆ.

*

ಸಾಲು ನಿಂತುಬಿಟ್ಟಿತ್ತು. ಗೆಡೆಯೋನನ ಎಡಗೈ ಹಿಡಿದರೆ, ಗಂಡ ಬದುಕಿಡೀ ಕಾದದ್ದನ್ನು ತಾನು ತೆಗೆದುಕೊಂಡಂತೆ. ಹಿಡಿಯದಿದ್ದರೆ, ಈತ ಅಂದಿನಂತೆಯೇ ಹೊರಟುಹೋಗಬಹುದು.

"ಆ ಏಟು ನಂದೇ, ಪಿರೋಶ್ಕಾ ಅವರೇ," ಗೆಡೆಯೋನ್ ಮೆಲ್ಲಗೆ ಹೇಳಿದ. "ಈಗಲೂ ಹಾಗೇ ಅಂತೀನಿ."

"ಅವರ ಹತ್ರಾನೇ ಹೇಳಿ."

ಅವಳು ಪಕ್ಕಕ್ಕೆ ಸರಿದಳು. ಹಿಂದೆ, ಬಯಲಲ್ಲಿ ಶವಪೆಟ್ಟಿಗೆ. ಮುಚ್ಚಳದ ಮೇಲೆ ಆಗಲೇ ಹಿಟ್ಟು ಜರಡಿ ಹಿಡಿದಂತೆ ಹಿಮ ಕೂತಿತ್ತು.

"ಇವನನ್ನ ಅಲ್ಲಿಗೆ ಬಿಡ್ತೀಯೇನೇ?" ಎತೆಲ್ಕಾ ಅವಳ ತೋಳು ಹಿಡಿದಳು.

"ಬಿಡಿ ಅತ್ತಿಗೆ."

ಗೆಡೆಯೋನ್ ಟೋಪಿ ತೆಗೆದು ಮುಚ್ಚಳದ ಮೇಲೆ ಎಡ ಅಂಗೈ ಊರಿದ.

"ದಪ್ಪಗಾಗಿದ್ದೆಯಂತೆ," ಎಂದ. "ಏಟು ನಂದೇ ಕಣೋ."

ಕೈ ಮಾತ್ರ ತೆಗೆಯಲಿಲ್ಲ. ಹೊರುವವರು ಕಾದರು. ಎತೆಲ್ಕಾ ಪಿರೋಶ್ಕಾಳ ತೋಳು ಬಿಟ್ಟಳು.

ಕೊನೆಗೆ ಪೆಟ್ಟಿಗೆ ಭುಜಗಳ ಮೇಲೇರಿ ಚೆಸ್ಟ್‌ನಟ್ ಮರಗಳ ನಡುವೆ ಇಳಿಜಾರಿನಲ್ಲಿ ತೇಲುತ್ತ ಹೋಯಿತು. ಮುಚ್ಚಳದ ಬಿಳುಪಿನ ನಡುವೆ ಐದು ಬೆರಳಗಲಿಸಿದ ಒಂದು ಕೈಯ ಅಚ್ಚು ಹಿಮ ಕರಗಿ ಕಪ್ಪಗೆ ಕಾಣುತ್ತಿತ್ತು. ಹಿಮ ಬೀಳುತ್ತಲೇ ಇದ್ದರೂ ಅಲ್ಲಿ ಮಾತ್ರ ಇನ್ನೂ ನಿಲ್ಲುತ್ತಿರಲಿಲ್ಲ.