ಕುಲುಮೆಯ ಬಾಗಿಲಲ್ಲಿ ಏಕವಚನ

—ಕೈಗವಸಿನ ತೋರುಬೆರಳ ತುದಿ ಮಾತ್ರ ಕಪ್ಪಾಗಿದೆ, ಉಳಿದವೆಲ್ಲ ಬೆಳ್ಳಗೇ ಇವೆ, ಈಗಷ್ಟೇ ಹೊಸ ಜೊತೆ ಹಾಕಿಕೊಂಡಿದ್ದೆ, ಈ ಗ್ರಾಫೈಟಿಗೆ ಒಂದು ಬೆರಳು ಕೊಟ್ಟರೆ ಮೊಣಕೈವರೆಗೂ ಹತ್ತಿಕೊಂಡು ಬರುತ್ತದೆ, ತಲೆಯ ಮೇಲೆ ಕಮಾನಿನಂತೆ ಬಾಗಿರುವ ಗ್ರಾಫೈಟಿನ ಸರಳುಗಳು, ವಿದ್ಯುತ್ತು ಹರಿದು ಕಾದಾಗ ಕಣ್ಣು ಕುಕ್ಕುವ ಬಿಳುಪು, ತಣಿದಾಗ ಬಿಸ್ಕತ್ತಿನಷ್ಟೇ ಗಟ್ಟಿ, ಸ್ವಲ್ಪ ತಗುಲಿದರೂ ಪಟ್ ಅಂತ ಹೋಗುತ್ತವೆ, ಅದಕ್ಕೇ ಉಸಿರನ್ನೂ ಅಳೆದು ಬಿಡುತ್ತ ಹಲಗೆಯ ಮೇಲೆ ಅಂಗಾತ ಮಲಗಿದ್ದೇನೆ, ತಲೆ ಕುಲುಮೆಯ ಹಿಂಗೋಡೆಯ ಕಡೆ, ಕಾಲು ಬಾಗಿಲ ಕಡೆ, ಬಾಗಿಲಲ್ಲಿ ಅವನು. ಇದೀರಾ? ಇದ್ದೀನಿ. ಅವನ ದನಿ, ಕಾವು ಹೊರಗೆ ಹೋಗದಂತೆ ಗೋಡೆಗೆ ಹೊದಿಸಿದ ಕಪ್ಪು ಉಣ್ಣೆಯಲ್ಲಿ ಅರ್ಧ ಇಂಗಿಹೋಗಿ ಉಳಿದರ್ಧ ನನಗೆ ಸಿಗುತ್ತದೆ, ನನ್ನದು ಅವನಿಗೆ ಎಷ್ಟು ಸಿಗುತ್ತದೋ. ಒಬ್ಬರು ಕುಲುಮೆಯೊಳಗೆ ಹೋದರೆ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲಲೇಬೇಕು, ನಿಂತವರು ಬೇರೇನೂ ಮಾಡುವಂತಿಲ್ಲ, ಫೋನಿಲ್ಲ, ಚಹಾ ಇಲ್ಲ, ಹರಟೆಯಿಲ್ಲ, ಆಗಾಗ ಕರೆಯುವುದು, ಉತ್ತರ ಬಂತೇ ಎಂದು ಕೇಳಿಸಿಕೊಳ್ಳುವುದು, ಸೊಂಟಕ್ಕೆ ಹಗ್ಗ ಕಟ್ಟಿದರೆ ಸರಳುಗಳಿಗೆ ಸಿಕ್ಕಿಕೊಳ್ಳುತ್ತದೆಂದು ಹಗ್ಗದ ಬದಲು ದನಿ. ಅವನು ಕರೆಯುವುದರಲ್ಲಿ ಒಂದು ಉಸಿರಿನಷ್ಟೂ ಹೆಚ್ಚುಕಮ್ಮಿ ಇಲ್ಲ, ಅದಕ್ಕೇ ಎಲ್ಲರ ಬಾಯಲ್ಲೂ ಅವನು ಗಡಿಯಾರ, ಏ ಗಡಿಯಾರ, ಊಟದ ಹೊತ್ತಾಯ್ತೇನೋ ನೋಡು, ಎಂದು ರೇಗಿಸಿದರೆ ನಗುತ್ತಾನೆ, ಬಲಗೆನ್ನೆ ಮಾತ್ರ ನಗುತ್ತದೆ. ಬೆಳಿಗ್ಗೆ ಇಬ್ಬರೂ ಸೇರಿ, ಯಾರೂ ಕುಲುಮೆ ಹಚ್ಚದಂತೆ, ವಿದ್ಯುತ್ತಿನ ಗೂಡಿಗೆ ಬೀಗ ಹಾಕಿದೆವು, ನನ್ನ ಕೀಲಿ ನನ್ನ ಜೇಬಿನಲ್ಲಿ, ಅವನದು ಅವನ ಜೇಬಿನಲ್ಲಿ, ಬೀಗಗಳೆರಡೂ ಒಂದೇ ಕೊಂಡಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ನೇತಾಡುತ್ತಿವೆ, ನೋಡಿದರೆ ಹೊಟ್ಟೆಕಿಚ್ಚು. ಆರ್ಗಾನಿನ ಕೊಳವೆಯನ್ನು ಕಳಚಿ ಅದರ ಬಾಯಿಗೆ ತಗಡು ಬಿಗಿದ, ಬಾಗಿಲು ತಾನಾಗಿ ಮುಚ್ಚದಂತೆ ಗೂಟ ಸಿಕ್ಕಿಸಿದ, ಫ್ಯಾನು ಹಚ್ಚಿದ, ಕೋಲಿನ ತುದಿಗೆ ಆಮ್ಲಜನಕದ ಮೀಟರು ಕಟ್ಟಿ ಕುಲುಮೆಯ ತಳದವರೆಗೂ ಇಳಿಸಿದ, ಉಸಿರಿಗೆ ಒದಗದ ಆ ಆರ್ಗಾನು ಅನಿಲ ಗಾಳಿಗಿಂತ ಭಾರ, ತಳದಲ್ಲೇ ನೀರಿನ ಹಾಗೆ ನಿಂತಿರುತ್ತದೆ, ಆಮೇಲೆ ಮೀಟರಿನ ಅಂಕಿ ಓದಿದ, ಇಪ್ಪತ್ತು ಪಾಯಿಂಟ್ ಒಂಬತ್ತು, ಹೋಗಬಹುದು, ಮೀಟರನ್ನು ನನ್ನ ಎದೆಯ ಪಟ್ಟಿಗೆ ಸಿಕ್ಕಿಸಿಕೊಳ್ಳಲು ಕೈಗಿತ್ತ, ಬೆರಳು ತಾಗಲಿಲ್ಲ, ತಾಗಿದ್ದರೂ ನಡುವೆ ಎರಡು ಕೈಗವಸು. ನಾಳೆಯಿಂದ ಅವನಿಲ್ಲ. ಸಮುದ್ರದ ಕಡೆ ಎಲ್ಲೋ ಕಂಪನಿಯವರು ಹೊಸ ಶೆಡ್ಡು ಹಾಕಿದ್ದಾರೆ, ಹೊಸ ಕುಲುಮೆ, ಹೊಸ ಬಾಗಿಲು, ಒಳಗೆ ಮಲಗುವವರೂ ಹೊಸಬರು, ಅವರನ್ನು ಹೇಗೆ ಕರೆಯುತ್ತಾನೋ, ಇವತ್ತು ಸಂಜೆಯೊಳಗೆ ನನಗೆ ಗೊತ್ತಾಗಬೇಕು, ಏನು ಗೊತ್ತಾಗಬೇಕು, ಇಷ್ಟೇ, ಈ ಇದೀರಾ ನನಗಾಗಿಯೇ, ಅಥವಾ ಒಳಗೆ ಮಲಗಿದ ಯಾರಿಗಾದರೂ ಸಲ್ಲುವ ಇದೀರಾ.

ಪಿಂಗಾಣಿ ಬಳೆಗಳನ್ನು ಬದಲಿಸಬೇಕು, ಸರಳನ್ನು ಕುಲುಮೆಯ ಮೈಗೆ ತಾಗದಂತೆ ಹಿಡಿದಿಡುವ ಪುಟ್ಟ ಬಿಳಿ ಬಳೆಗಳು, ಲೋಹದ ಆವಿ ಕೂತು ಕೂತು ಕನ್ನಡಿಯಂತಾಗಿವೆ, ಹೊಳೆಯುತ್ತವೆ, ಹೊಳೆದರೆ ಕೆಟ್ಟವು ಎಂದೇ ಲೆಕ್ಕ, ವಿದ್ಯುತ್ತು ಆ ಹೊಳಪಿನ ಮೇಲೇ ಹರಿದು ಕುಲುಮೆಯ ಮೈಗಿಳಿಯುತ್ತದೆ. ಇದೊಂದು ಕಳಚಿತು, ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಇದೀರಾ? ಇದ್ದೀನಿ. ಅಜ್ಜಿಯಾದರೆ ಈ ಬಳೆಗೂ ಒಂದು ಕಥೆ ಕಟ್ಟುತ್ತಿದ್ದಳು, ಒಂದು ರಾಜ್ಯದಲ್ಲಿ ಒಬ್ಬ ರಾಜಕುಮಾರಿ ಇದ್ದಳಂತೆ, ಹೂಂ, ಅವಳನ್ನು ಗಾಳಿಯೇ ಇಲ್ಲದ ಅರಮನೆಯಲ್ಲಿ ಕೂಡಿಹಾಕಿದ್ದರಂತೆ, ಹೂಂ, ಗಾಳಿಯಿಲ್ಲದೆ ಹೇಗಜ್ಜಿ ಬದುಕಿದ್ದಳು, ಕಥೆಯಲ್ಲಿದ್ದಳಲ್ಲ ಕಣೇ ಪೆದ್ದಿ, ಕೇಳೋರು ಹೂಂ ಅಂದರೆ ಅದೇ ಉಸಿರು. ಹೂಂ ಅನ್ನದಿದ್ದರೆ ಅಜ್ಜಿ ಮುಂದೆ ಹೇಳುತ್ತಿರಲಿಲ್ಲ, ಅರ್ಧ ವಾಕ್ಯದಲ್ಲೇ ನಿಲ್ಲಿಸಿ, ನಿದ್ದೆ ಹೋಯ್ತಾ ಮಗು, ಎಂದು ಬಾಗುತ್ತಿದ್ದಳು, ಮುಖದ ಮೇಲೆ ಮುಖ, ತಲೆಗೆಣ್ಣೆಯ ವಾಸನೆ, ಕೆನ್ನೆಗೆ ತಾಗುವ ಅವಳ ಬಿಸಿಯುಸಿರು, ಆ ಬಾಗುವಿಕೆಗಾಗಿಯೇ ನಾನು ಎಷ್ಟೋ ಸಲ ಎಚ್ಚರವಿದ್ದೂ ಹೂಂ ಅನ್ನದೆ ಕಣ್ಣು ಮುಚ್ಚಿ ಬಿದ್ದಿರುತ್ತಿದ್ದೆ, ಕಳ್ಳಿ, ರೆಪ್ಪೆ ಅದುರ್ತಿದೆ ನೋಡು, ಎಂದು ಮೂಗು ಹಿಂಡುತ್ತಿದ್ದಳು. ಈಗ ನಾನು ತಲೆಗೆ ಎಣ್ಣೆ ಹಾಕುವುದಿಲ್ಲ, ಒಂದು ಹನಿ ಜಿಡ್ಡು ಬಿದ್ದರೂ ಕಾದಾಗ ಆವಿಯಾಗುತ್ತದೆ, ಕುಲುಮೆ ಕಾಯುವ ಮೊದಲು ಒಳಗಿನ ಗಾಳಿಯನ್ನು ಪಂಪು ಎಷ್ಟು ಎಳೆದರೂ ಪೂರ್ತಿ ಬರಿದಾಗುವುದಿಲ್ಲ, ಎಲ್ಲವನ್ನೂ ಹೊರಗೆ ಹಾಕಿದ ಮೇಲೂ ಉಳಿಯುತ್ತದಲ್ಲ ಒಂದಿಷ್ಟು, ಎಲ್ಲಿಂದಲೋ ಒಸರುತ್ತಲೇ ಇರುತ್ತದಲ್ಲ, ನನಗೆ ಗೊತ್ತಿಲ್ಲವೇ ಅದು. ಪಂಪು ನೋಡಿಕೊಳ್ಳುವ ಅಕ್ಕ ಬೆಳಿಗ್ಗೆಯೇ ಹಿಡಿದಳು, ಏನೇ, ಕಾಡಿಗೆ ಹಚ್ಚಿದ್ದೀಯಾ? ಇಲ್ಲಕ್ಕ, ಗ್ರಾಫೈಟ್ ಧೂಳು. ಹೂಂ ಹೂಂ, ಧೂಳು ಎರಡೂ ಕಣ್ಣಿಗೂ ಸಮನಾಗಿ ಹೋಗಿ ಕೂತಿದೆ ನೋಡು, ತಿದ್ದಿ ತೀಡಿದ ಹಾಗೆ, ಹೋಗಿ ತೊಳ್ಕೋ, ಇಲ್ಲಾಂದ್ರೆ ಕುಲುಮೆ ನಾಚಿಕೊಳ್ಳತ್ತೆ. ತೊಳೆದುಕೊಂಡೆ. ಅವನು ನೋಡುವ ಮೊದಲೇ ತೊಳೆದುಕೊಂಡೆ. ಅವನಿಗೆ ಲೋಕವೆಲ್ಲ ಏಕವಚನ, ಅಂಗಳದ ಬೆಕ್ಕಿಗೆ ಬಾರೇ, ಕುಡಿಯೇ, ಹಟ ಮಾಡುವ ಬೋಲ್ಟಿಗೆ ಬಾರೋ ಮಗನೇ, ಫೋನಿನಲ್ಲಿ ತಂಗಿಗೆ ತಿಂದ್ಯಾ, ಮಲಗು, ಕೊನೆಗೆ ಪಂಪು ಅಕ್ಕನಿಗೂ ಕೊಡಕ್ಕ, ಹೋಗಕ್ಕ, ನಾನೊಬ್ಬಳು ಬಂದೊಡನೆ ಎಲ್ಲಿಂದಲೋ ಬಹುವಚನ, ಬನ್ನಿ, ನೋಡಿ, ಇದೀರಾ, ಗೌರವ ಕೊಡುತ್ತಾನಂತೆ, ಯಾರಿಗೆ ಬೇಕಿತ್ತು, ನಾನು ಕೂಡ ಮನಸ್ಸಿನಲ್ಲಿ ಅವನು, ಬಾಯಲ್ಲಿ ನೀವು, ಒಂದು ಅಕ್ಷರದ ದೂರ ಅಷ್ಟೇ, ಇದೀರಾ ಎನ್ನುವುದು ಇದೀಯಾ ಆಗಲು ನಾಲಿಗೆ ಎಷ್ಟು ಹೊರಳಬೇಕು, ಆ ಬೆಕ್ಕಿನ ಅದೃಷ್ಟ ನೋಡು.

ಫೋರ್ಮನ್ನರು ಸೇರಿದ ದಿನವೇ ಹೇಳಿದ್ದರು, ಒಳಗೆ ಗಾಳಿ ಇದ್ಯೋ ಇಲ್ವೋ ಮೂಗಿಗೆ ಗೊತ್ತಾಗಲ್ಲ ಕಣಮ್ಮ, ಕೆಮ್ಮು ಬರಲ್ಲ, ಕಣ್ಣುರಿಯಲ್ಲ, ಎರಡು ಉಸಿರು, ಮೊಣಕಾಲು ಮಡಚಿಕೊಳ್ಳತ್ತೆ, ಮುಗೀತು, ನಾನು ಮೊದಲು ಇದ್ದ ಕಡೆ ಒಬ್ಬ ಹೀಗೇ ಬಿದ್ದ, ಹೊರಗೆ ನಿಂತಿದ್ದ ಅವನ ಭಾವಮೈದ ಅಯ್ಯೋ ಅಂತ ನುಗ್ಗಿದ, ಇಬ್ಬರ ಹೆಣಾನೂ ಒಟ್ಟಿಗೇ ಎತ್ತಿಕೊಂಡು ಬಂದ್ವಿ, ಬಾಗಿಲಲ್ಲಿ ನಿಂತೋರಿಗೆ ಒಂದೇ ಕೆಲಸ, ಉತ್ತರ ಬರಲಿಲ್ವಾ, ಕೆಂಪು ಗುಂಡಿ ಒತ್ತು, ನಿಂತ ಜಾಗ ಬಿಟ್ಟು ಅಲ್ಲಾಡಬೇಡ, ಬೆನ್ನಿಗೆ ಗಾಳಿ ಸಿಲಿಂಡರು ಹಾಕ್ಕೊಂಡೋರು ಬರೋವರೆಗೂ ಕಾಯಿ, ಒಳಗೆ ಬಿದ್ದಿರೋದು ನಿನ್ನ ಹೆತ್ತ ತಾಯಿಯಾದ್ರೂ ಕಾಯಿ. ಎಲ್ಲರೂ ತಲೆಯಾಡಿಸಿದ್ದೆವು, ಅವನು ಮಾತ್ರ, ಸರಿ ಸಾರ್, ಎಂದು ಬಾಯಿಬಿಟ್ಟು ಹೇಳಿದ್ದ, ಹಾಗೆ ಹೇಳುವವನೇ ಅವನು. ಇದೀರಾ? ಇದ್ದೀನಿ. ಇನ್ನು ಮೂಲೆಯ ಬಳೆಗಳು ಮಾತ್ರ ಉಳಿದಿವೆ, ಇವು ಮುಗಿದರೆ ಕೆಲಸ ಮುಗಿಯಿತು, ನಿಧಾನ ಮಾಡುತ್ತಿದ್ದೇನೆ, ಒಂದೊಂದು ಸುತ್ತು ಸ್ಕ್ರೂವನ್ನೂ ಮುದ್ದು ಮಾಡಿದ ಹಾಗೆ ಸಡಿಲಿಸುತ್ತಿದ್ದೇನೆ, ಹೊರಗೆ ಹೋದರೆ ಥ್ಯಾಂಕ್ಸ್ ಅನ್ನುತ್ತಾನೆ, ಸಂಜೆ ಎಲ್ಲರಿಗೂ ಕೈಮುಗಿಯುತ್ತಾನೆ, ಆ ಎಲ್ಲರಲ್ಲಿ ನಾನೂ ಒಬ್ಬಳು, ಹೋಗಿಬರ್ತೀನಿ, ಚೆನ್ನಾಗಿರಿ. ಚೆನ್ನಾಗಿರಿ. ಆ ರಿ ಎಂಬ ಅಕ್ಷರವನ್ನು ಯಾರು ಕಂಡುಹಿಡಿದರೋ. ಫ್ಯಾನಿನ ಗಾಳಿ ಪಾದದ ಕಡೆಯಿಂದ ಹರಿದು ಬಂದು ಕುತ್ತಿಗೆಯ ಬೆವರನ್ನು ತಣ್ಣಗೆ ಮಾಡುತ್ತಿದೆ, ಬಾಗಿಲ ಬೆಳಕು ಸರಳುಗಳ ಮೇಲೆ ಬೂದು ಬೂದಾಗಿ, ಕಣ್ಣು ಮುಚ್ಚಿದರೆ ಹಾಸಿಗೆ, ಕಂಬಳಿ, ಅರ್ಧಕ್ಕೆ ನಿಂತ ಕಥೆ, ಮಗು ನಿದ್ದೆ ಹೋಯ್ತಾ— ಇದೀರಾ?

ಬಾಯಿ ತೆರೆಯಲಿಲ್ಲ. ಬೇಕೆಂದು ಮಾಡಿದ್ದಲ್ಲ ಎಂದರೆ ಸುಳ್ಳು, ಬೇಕೆಂದೇ ಮಾಡಿದೆ ಎಂದರೂ ಪೂರ್ತಿ ನಿಜವಲ್ಲ, ಉತ್ತರ ನಾಲಿಗೆಯವರೆಗೆ ಬಂದಿತ್ತು, ಅಲ್ಲೇ ಕೂರಿಸಿದೆ, ಬಾಗಿಲಿನಿಂದ ಕಾಣುವುದು ನನ್ನ ಬೂಟುಗಳ ಅಡಿ ಮಾತ್ರ, ಅವನ್ನೂ ಅಲುಗಿಸಲಿಲ್ಲ. ಇದೀರಾ? ಸ್ವಲ್ಪ ಮೇಲಿನ ದನಿ, ತುದಿಯಲ್ಲಿ ಒಂದು ಬಿರುಕು, ಇನ್ನೊಂದು, ಇನ್ನೊಂದೇ ಒಂದು, ನೋಡೋಣ, ಎದೆಯ ಮೇಲಿನ ಮೀಟರು ಹಸಿರು ಕಣ್ಣು ಮಿಟುಕಿಸುತ್ತ ಸುಮ್ಮನಿದೆ, ಗಾಳಿ ಕೆಟ್ಟಿದ್ದರೆ ಅದು ಕಿರುಚಿಕೊಳ್ಳುತ್ತಿತ್ತು, ಅವನಿಗೂ ಗೊತ್ತು, ಗೊತ್ತಿದ್ದವನು ಹೆದರುವುದಿಲ್ಲ, ಇನ್ನೊಮ್ಮೆ ಕರೆಯುತ್ತಾನೆ ಅಷ್ಟೇ— ಏ! ಇದೀಯೇನೇ! ಬಂತು. ಬಂದೇಬಿಟ್ಟಿತು, ರಿ ಇಲ್ಲ, ರಾ ಇಲ್ಲ, ಬೆಕ್ಕಿಗೂ ತಂಗಿಗೂ ಕೊಡದ ಏನೇ, ಗೋಡೆಯ ಉಣ್ಣೆಯಲ್ಲಿ ಒಂದಿಷ್ಟೂ ಇಂಗದೆ ಪೂರ್ತಿ ನನ್ನ ಕಿವಿಗೆ ಬಿತ್ತು, ಆಗಲಾದರೂ ಹೇಳಬೇಕಿತ್ತು, ಇದ್ದೀನಿ ಅನ್ನಲು ಎಷ್ಟು ಹೊತ್ತು ಬೇಕು, ಆದರೆ ಆ ಗಳಿಗೆಯನ್ನು ಅವನಿಗೆ ಕೊಡದೆ ನಾನೇ ಇಟ್ಟುಕೊಂಡೆ, ಬಾಯಲ್ಲಿ ಬೆಲ್ಲದ ಚೂರು ಇಟ್ಟುಕೊಂಡ ಹಾಗೆ, ಕರಗಲಿ ಎಂದು, ಕರಗುತ್ತಿತ್ತು ಕೂಡ, ಅಷ್ಟರಲ್ಲಿ ಸರಳುಗಳ ಮೇಲಿನ ಬೆಳಕು ಹೋಯಿತು. ಗಂಟೆ ಹೊಡೆಯಲಿಲ್ಲ. ಕೆಂಪು ಗುಂಡಿ ಒತ್ತಿದ್ದರೆ ಇಡೀ ಶೆಡ್ಡು ನಡುಗುವಂತೆ ಗಂಟೆ ಹೊಡೆಯಬೇಕಿತ್ತು, ಹೊಡೆಯಲಿಲ್ಲ, ತಲೆಯೆತ್ತಿ ನೋಡಿದೆ, ನನ್ನ ಎರಡು ಬೂಟುಗಳ ನಡುವೆ ಅವನು, ಬೆನ್ನಿಗೆ ಸಿಲಿಂಡರಿಲ್ಲ, ಮುಖಕ್ಕೆ ಏನೂ ಇಲ್ಲ, ಎರಡೂ ಕೈ ನನ್ನ ಕಾಲಿನತ್ತ ಚಾಚಿ, ಒಂದು ಕಾಲು ಬಾಗಿಲಿನ ಅಂಚು ದಾಟಿ, ಇನ್ನೊಂದು ಅಂಚಿನ ಮೇಲೆ. ಇದ್ದೀನಿ! ಇದ್ದೀನಿ, ಬರಬೇಡ, ಬರಬೇಡ ಕಣೋ! ಯಾರು ಕೂಗಿದ್ದು ಅದು, ನನ್ನ ಗಂಟಲೇ, ಮೊಣಕೈ ಸರಳಿಗೆ ಬಡಿದು ಪಟ್ ಎಂದಿತು, ಅವನು ಹಾಗೇ ನಿಂತ, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ, ಆಮೇಲೆ ಬೆಳಕು ಮರಳಿ ಬಂತು, ಬೆಳಕಿನ ಜೊತೆಗೆ ಅವನ ದನಿ, ಹೊರಗೆ ಬನ್ನಿ. ಬನ್ನಿ.

ಕೂಗು ಕೇಳಿ ಫೋರ್ಮನ್ನರು ಬಂದರು, ಪಂಪು ಅಕ್ಕನೂ ಬಂದಳು, ಏನಯ್ಯಾ ಗಡಿಯಾರ, ಕೊನೇ ದಿನ ಕೆಟ್ಟು ನಿಂತ್ಯಾ, ಎಂದು ನಗುತ್ತಲೇ ಬಂದ ಫೋರ್ಮನ್ನರು ಬಾಗಿಲಿನ ಅಂಚು ನೋಡಿ ನಗು ನಿಲ್ಲಿಸಿದರು, ಬೆಳಿಗ್ಗೆ ನಾನೇ ನೂಲುಬಿಡದ ಬಟ್ಟೆಯಿಂದ ಒರೆಸಿ ಒರೆಸಿ ಇಟ್ಟಿದ್ದ ನುಣ್ಣನೆಯ ಉಕ್ಕಿನ ಅಂಚು, ಬಾಗಿಲಿನ ರಬ್ಬರು ಬಂದು ಕೂರುವ ಜಾಗ, ಒಂದು ಕೂದಲು ಬಿದ್ದಿದ್ದರೂ ಕುಲುಮೆ ಸೋರುತ್ತದೆ, ಅದರ ಮೇಲೆ ಮಣ್ಣಿನ ಹೆಜ್ಜೆ. ಯಾರದಿದು? ನನ್ನದು ಸಾರ್. ಗುಂಡಿ ಒತ್ತಿದ್ಯಾ? ಇಲ್ಲ ಸಾರ್. ನೀನು, ಎಂದರು ಫೋರ್ಮನ್ನರು, ನೀನೇನೋ, ಎಂದು ಮತ್ತೊಮ್ಮೆ, ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವನು ನನ್ನ ಕಡೆ ನೋಡದೆಯೇ ಹೇಳಿದ, ಫ್ಯಾನಿನ ಸದ್ದು ಸಾರ್, ನಾನು ಕರೆದಿದ್ದು ಅವರಿಗೆ ಕೇಳಿಸಿರಲ್ಲ. ಬಾಗಿಲು ತೆರೆದುಕೊಟ್ಟ ಹಾಗೆ ಹೇಳಿದ, ಸುಮ್ಮನೆ ಹೂಂ ಅಂದಿದ್ದರೆ ಸಾಕಿತ್ತು, ಅಕ್ಕ ಕಣ್ಣಲ್ಲೇ ಹೇಳುತ್ತಿದ್ದಳು, ಅನ್ನು, ಹೂಂ ಅನ್ನು, ಅವನು ಕೈಯನ್ನು ಜೇಬಿಗೆ ಹಾಕಿಕೊಳ್ಳಲು ಹೋದ, ಜೇಬು ಸಿಗಲಿಲ್ಲ, ಎರಡು ಸಲ ತಡಕಿದ, ಸಿಗಲಿಲ್ಲ. ಕೇಳಿಸ್ತು, ಎಂದೆ. ಏನಮ್ಮಾ? ಕೇಳಿಸ್ತು ಸಾರ್, ಎಲ್ಲಾ ಕೇಳಿಸ್ತು, ನಾನೇ ಮಾತಾಡ್ಲಿಲ್ಲ. ಯಾಕೆ? ಅವನು ಆಗ ನನ್ನನ್ನು ನೋಡಿದ, ಕೇಳಿಸ್ತು ಎಂಬ ಒಂದೇ ಮಾತಿನಿಂದ ಅವನಿಗೆ ಇಡಿಯಾಗಿ ಅರ್ಥವಾಗಿಹೋಯಿತು, ಮುಖದ ಮೇಲೆ ಅರ್ಥವಾಗುವುದು ಕಂಡಿತು, ಮೊದಲು ಕೆನ್ನೆಗೆ, ಆಮೇಲೆ ಕಣ್ಣಿಗೆ, ಬಲಗೆನ್ನೆ ನಗಲಿಲ್ಲ. ಫೋರ್ಮನ್ನರು ಏನೇನೋ ಹೇಳುತ್ತಿದ್ದರು, ಇನ್ನು ನಾನು ಹೇಳೋವರೆಗೂ ನೀನು ಒಳಗೆ ಕಾಲಿಡಬಾರದಮ್ಮಾ, ಮುರಿದ ಸರಳು ಇರಲಿ, ಸರಳು ಇನ್ನೊಂದು ಬರತ್ತೆ, ಹೋದ್ರೆ ನೀವಿಬ್ರೂ ಬರಲ್ವಲ್ಲಮ್ಮಾ. ಅವರು ಹೋದರು, ಅಕ್ಕನೂ ತೋಳು ಚಿವುಟಿ, ಹುಚ್ಚಿ, ಎಂದು ಹೋದಳು. ಅವನು ಕೈಗವಸು ಬಿಚ್ಚಿ ಒಂದರೊಳಗೊಂದು ಮಡಚಿದ, ಬಹಳ ಹೊತ್ತು ಮಡಚಿದ. ಇನ್ಮುಂದೆ ಬೇರೆ ಯಾರಾದ್ರೂ ನಿಮ್ಮ ಬಾಗಿಲಲ್ಲಿ ನಿಲ್ತಾರೆ, ಎಂದ, ಯಾರೇ ಕರೆದ್ರೂ ಉತ್ತರ ಕೊಡಿ. ಕೊಡ್ತೀನಿ, ಎಂದೆ. ಅವನು ಹೋದ ಮೇಲೂ ಕೊಡ್ತೀನಿ, ಎಂದೆ. ಈಗ ಅಂಚನ್ನು ಮತ್ತೆ ಒರೆಸಬೇಕು, ಹೊಸ ಬಟ್ಟೆ, ಒಂದಿಷ್ಟು ಸ್ಪಿರಿಟ್ಟು, ಒಂದೇ ದಿಕ್ಕಿಗೆ ಒರೆಸಬೇಕು, ಇಲ್ಲಿಂದ ಅಲ್ಲಿಗೆ, ಮಣ್ಣು ತಕ್ಷಣ ಹೋಗುತ್ತದೆ, ಹೋಯಿತು ಕೂಡ, ಉಕ್ಕು ಹೊಳೆಯುತ್ತಿದೆ, ಒಳಗೆ ನಿಜಕ್ಕೂ ಆರ್ಗಾನು ನಿಂತಿದ್ದರೆ, ಇನ್ನೊಂದು ಸಲ ಒರೆಸುತ್ತೇನೆ, ಎರಡು ಉಸಿರು ಎಂದಿದ್ದರು, ಮೊದಲನೆಯ ಉಸಿರಿಗೆ ಅವನ ಕೈ ನನ್ನ ಬೂಟಿಗೆ ತಾಗುತ್ತಿತ್ತು, ಎರಡನೆಯದಕ್ಕೆ, ಒರೆಸು, ಇಲ್ಲಿಂದ ಅಲ್ಲಿಗೆ, ಬಟ್ಟೆ ಬೆಳ್ಳಗೇ ಬರುತ್ತಿದೆ, ಎಲ್ಲ ಶುದ್ಧ, ಸರಿ ಸಾರ್ ಎಂದಿದ್ದವನು, ನಿಂತ ಜಾಗ ಬಿಟ್ಟು ಅಲ್ಲಾಡದವನು, ಅವನ ಹಿಂದಿನ ಕಾಲು, ಮುಂಗಾಲು ಅಂಚಿನ ಮೇಲೆ ಊರಿ, ಹಿಮ್ಮಡಿ ಮೇಲಕ್ಕೆದ್ದು, ಲೇಸು ಒಂದು ಕಡೆ ಬಿಚ್ಚಿ, ಇಲ್ಲಿಂದ, ಊರಿದ ಮುಂಗಾಲು, ಎದ್ದ ಹಿಮ್ಮಡಿ, ಒಂದು ಕಾಲು ಒಳಗೆ, ಇಲ್ಲಿಂದ ಅಲ್ಲಿಗೆ, ಹಿಮ್ಮಡಿ, ಇನ್ನೊಂದು ಕಾಲೂ ಬರುವುದಕ್ಕೆ ಎದ್ದ ಹಿಮ್ಮಡಿ