ಮೂರನೆಯ ಚಪ್ಪಾಳೆ

ಶಾಲಾ ಇನ್‌ಸ್ಪೆಕ್ಟರ್ ದುಕ್ರೋ ಕೊನೆಯ ಪುಟ್ಟ ಬೆಂಚಿನಲ್ಲಿ ಬಿಗಿದುಕೊಂಡು ಕೂತದ್ದು ನೋಡಿಯೇ ಸೊಲಾಂಜ್‌ಗೆ ಮೈ ಉರಿಯಿತು. ಪ್ಯಾರಿಸ್ಸಿನ ಆಸಾಮಿ, ದಕ್ಷಿಣ ಫ್ರಾನ್ಸಿನ ಬೆಜಿಯೆಯ ಸೆಖೆಯಲ್ಲೂ ಟೈ ಸಡಿಲಿಸಿರಲಿಲ್ಲ. ಇವತ್ತು ಅವನು ಮೂಗು ಮುರಿದರೆ ಮುಗಿಯಿತು, ಅವಳ ಪ್ರೊಬೇಷನ್ ಮಣ್ಣುಪಾಲು, ಟೀಚರ್ ಕೆಲಸಕ್ಕೆ ಎಳ್ಳುನೀರು.

ಒಂದನೇ ಕ್ಲಾಸಿಗೆ ಚಪ್ಪಾಳೆಯ ಪಾಠ. ಟೀಚರ್ ಫ್ರೆಂಚ್ ಕ್ರಿಯಾಪದ ಹೇಳಬೇಕು, ಮಕ್ಕಳು ಅದನ್ನು ಬಿಡಿಸಿ ಹೇಳುತ್ತ ತುಂಡಿಗೊಂದು ಚಪ್ಪಾಳೆ ತಟ್ಟಬೇಕು. ‘ನಾವು ಹಾಡುತ್ತೇವೆ’, ‘ನೀವು ಹಾಡುತ್ತೀರಿ’ ಎರಡೂ ಸಲೀಸಾಗಿ ಹೋದವು. ಆಮೇಲೆ ಬಂತು ‘ಅವರು ಹಾಡುತ್ತಾರೆ’.

"ಇಲ್-ಷಾಂ-ತೆ!" ಇಡೀ ಕ್ಲಾಸು ಮೂರು ತಟ್ಟಿತು.

ದುಕ್ರೋ ಎದ್ದು ಬಂದ. "ಆ ‘ತೆ’ ಎಲ್ಲಿಂದ ಬಂತು? ಇಲ್-ಷಾಂತ್. ಎರಡೇ." ಮುಂದಿನ ಸಾಲಿನ ಮಾಗ್‌ಲೋನ್ ಎದುರು ಬಗ್ಗಿದ. "ಹೇಳು ನೋಡೋಣ."

"ಇಲ್-ಷಾಂ-ತೆ," ಅಂದಳು ಹುಡುಗಿ.

"ಬಾಯಲ್ಲೇನು ಬೆಳ್ಳುಳ್ಳಿ ಇಟ್ಕೊಂಡಿದೀಯಾ?"

"ನಮ್ಮಜ್ಜಿ ಹಿಂಗೇ ಅನ್ನೋದು."

"ಹಾಗಾದ್ರೆ ನಿಮ್ಮಜ್ಜೀನೂ ತಪ್ಪು." ಅವನು ಸೊಲಾಂಜ್ ಕಡೆ ತಿರುಗಿದ. "ನೀವೇ ಹೇಳಿಕೊಡಿ ಮೇಡಂ. ಇಲ್ಲಾ, ನಿಮಗೂ ನಾಲಿಗೆ ಹೊರಳಲ್ವೋ?"

ಥೂ, ಇವನ ಸೊಕ್ಕೇ! ಆ ‘ತೆ’ ಸೊಲಾಂಜಳ ತಾಯಿಯದು, ಅವಳು ಹುಟ್ಟಿ ಬೆಳೆದ ಬೀದಿಯದು. ‘ಈ ಸೀಮೆಯ ಬಾಯಿ ಇರೋದೇ ಹೀಗೆ, ನಿಮ್ಮದೂ ಸರಿ, ನಮ್ಮದೂ ಸರಿ’ ಅನ್ನುವ ಮಾತು ಗಂಟಲತನಕ ಬಂತು. ಅವಳ ವರದಿ ಬರೆಯಬೇಕಾದ ಪೆನ್ನು ಅವನ ಜೇಬಿನಲ್ಲಿ ಕಣ್ಣಿಗೆ ಬಿತ್ತು, ಅವಳು ಹುಡುಗಿಯ ಕಡೆ ತಿರುಗಿದಳು.

"ಮಾಗ್‌ಲೋನ್, ಇಲ್-ಷಾಂತ್. ಎರಡು."

"ಆದ್ರೆ ಟೀಚರ್, ನೀವೂ ದಿನಾ ಹಿಂಗೇ..."

"ಬಾಯ್ಮುಚ್ಚು! ಎರಡು ಅಂದ್ನಲ್ಲ, ತಟ್ಟು!"

ಸೊಲಾಂಜ್ ಹುಡುಗಿಯ ಎರಡೂ ಮಣಿಕಟ್ಟು ಹಿಡಿದು ತಾನೇ ತಟ್ಟಿಸಿದಳು. ಮೂರನೆಯದಕ್ಕೆ ಆ ಕೈಗಳು ಮತ್ತೆ ಸೇರಲು ನೋಡಿದವು. ಅವಳು ಬಿಗಿಯಾಗಿ ಹಿಡಿದು ನಿಲ್ಲಿಸಿದಳು. ಹುಡುಗಿಯ ಕಣ್ಣು ತುಂಬಿತು.

"ಈಗ ಸರಿಹೋಯ್ತು," ಅಂದ ದುಕ್ರೋ. "ಕೆಲಸ ಗಟ್ಟಿ ಮಾಡ್ಕೊಂಡ್ರಿ, ಮೇಡಂ."

ಶಾಲೆ ಬಿಟ್ಟಾಗ ಗೇಟಿನ ಬಳಿ ಮಾಗ್‌ಲೋನಳ ಅಜ್ಜಿ ಕಾಯುತ್ತಿದ್ದಳು. ದ್ರಾಕ್ಷಿ ತೋಟದಲ್ಲಿ ದುಡಿದು ಕಪ್ಪಾದ, ಬಾಯ್ತುಂಬ ಮಾತಾಡುವ ಹೆಂಗಸು.

"ಏನಮ್ಮಾ ಟೀಚರ್," ಎಂದಳು, ಪ್ರತಿ ಮಾತಿನ ಬಾಲವನ್ನೂ ಎಳೆದು, "ನಮ್ ಹುಡುಗ್ರು ಹೆಂಗೆ ಹಾಡ್ತಾರೆ?"

ಮಾಗ್‌ಲೋನ್ ಓಡಿಬಂದು, ಎಗರಿ, ಅಜ್ಜಿಯ ಬಾಯಿಗೆ ಎರಡೂ ಕೈ ಒತ್ತಿದಳು.

"ಮಾತಾಡ್ಬೇಡ ಅಜ್ಜಿ! ಟೀಚರ್ ಮುಂದೆ ಮಾತಾಡ್ಬೇಡ! ನೀನು ತಪ್ಪು ಹೇಳ್ತೀಯಾ, ಬೈತಾರೆ!"

ಅಜ್ಜಿ ನಗುತ್ತ ಆ ಕೈಗಳನ್ನು ಬಿಡಿಸಿಕೊಂಡಳು. ಮಣಿಕಟ್ಟಿನ ಕೆಂಪು ಕಂಡು ನಗು ನಿಂತಿತು. ಅವಳು ಸೊಲಾಂಜಳ ಮುಖ ನೋಡಿದಳು.

"ಇಲ್ಲ ಮರಿ, ನಿಮ್ಮಜ್ಜಿ ಹೇಳೋದು..." ಎಂದು ಸೊಲಾಂಜ್ ಶುರುಮಾಡಿದಳು. ಪಕ್ಕದಲ್ಲೇ ದುಕ್ರೋ ತನ್ನ ಕಾರಿನ ಬಾಗಿಲು ತೆಗೆಯುತ್ತಿದ್ದ. ಅವಳು ಅಷ್ಟಕ್ಕೇ ನಿಲ್ಲಿಸಿದಳು.

ಅಜ್ಜಿ ಕಾದಳು. ಆಮೇಲೆ ಮೊಮ್ಮಗಳ ಕೈ ಹಿಡಿದು, ಬಾಯಿ ಬಿಡದೆ, ಬೀದಿ ದಾಟಿ ಹೋದಳು.