ದುರಸ್ತಿಯಾಗದ ದನಿ

ಬ್ಯಾಡಗಿಯ ಸುಚಿತ್ರಾ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಮದುವೆ ಮನೆಯವರು, ಖಾನಾವಳಿಯವರು ಎಲ್ಲರೂ ಫೋನಿನಲ್ಲೇ ರೊಟ್ಟಿ ಹೇಳುತ್ತಿದ್ದುದರಿಂದ, ಹಳೆಯ ಫೋನು ಕೈಕೊಟ್ಟಾಗ ರಾಣೆಬೆನ್ನೂರಿಗೆ ಹೋಗಿ ರುದ್ರಮುನಿಯ ಅಂಗಡಿಯಲ್ಲಿ ಕಂತಿನ ಮೇಲೆ ಹೊಸದೊಂದನ್ನು ತಂದಳು. ಕರಾರಿಗೆ ಸಹಿ ಹಾಕಿಸಿಕೊಳ್ಳುವಾಗ ರುದ್ರಮುನಿ, "ಏನರ ತ್ರಾಸ ಆದ್ರ ನಾ ಅದೀನಲ್ರಿ ಅಕ್ಕಾರ" ಎಂದಿದ್ದ.

ವಾರ ಕಳೆಯುವುದರೊಳಗೆ ತ್ರಾಸು ಶುರುವಾಯಿತು. ಅವಳ ಎರಡೂ ಕೈ ಹಿಟ್ಟಿನಲ್ಲಿದ್ದಾಗ ಗೋಡೆಯ ಮಾಡದಲ್ಲಿಟ್ಟ ಫೋನು ತಾನೇ ಬೆಳಗಿ, ತಾನೇ ಯಾರಿಗೋ ಕರೆ ಹಚ್ಚುತ್ತಿತ್ತು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕಟ್ ಆಗಿರುತ್ತಿತ್ತು. ರುದ್ರಮುನಿ ಅದನ್ನು ಮಾಮೂಲಿ ದೋಷವೆಂದು ಪರದೆ ಬದಲಿಸಿಕೊಟ್ಟ. ಮತ್ತೆ ಅದೇ ಆಯಿತು. ಎರಡನೆಯ ಸಲ ಒಳಗಿನ ಬೋರ್ಡನ್ನೇ ಬದಲಿಸಿದ. ಆದರೂ ಅದು ನಿಲ್ಲಲಿಲ್ಲ.

ಒಂದು ದಿನ ಖಾನಾವಳಿ ನಡೆಸುವ ಮಾಸುಮಬಿ ರೊಟ್ಟಿ ಒಯ್ಯಲು ಬಂದವಳು, "ನಿನ್ನೆ ಫೋನಿನ್ಯಾಗ ಭಾಳ ಸಮಾಧಾನ ಹೇಳಿದ್ರಿ ನೋಡ್ರಿ. ನನ್ನ ಮಗಳ ಸುದ್ದಿ ಅಷ್ಟು ಅಂತಃಕರಣದಿಂದ ಯಾರೂ ಕೇಳಿದ್ದಿಲ್ಲ" ಎಂದಳು. ಸುಚಿತ್ರಾ ಹಿಂದಿನ ದಿನ ಅವಳ ಜೊತೆ ಮಾತೇ ಆಡಿರಲಿಲ್ಲ. ಆದರೂ ತಲೆಯಾಡಿಸಿ ರೊಟ್ಟಿ ಎಣಿಸಿಕೊಟ್ಟಳು.

ಅವಳು ಹೋದ ಮೇಲೆ ಫೋನು ತೆರೆದು ಕರೆಗಳನ್ನು ನೋಡಿದಳು. ಮಾಸುಮಬಿಯ ಹೆಸರು ಒಂದೆಡೆ ಇತ್ತು, ಉಳಿದಂತೆ ಮೇಲಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಹೆಸರು: ದೇವವ್ವ, ಗುತ್ತಲ. ಒಂದೊಂದು ಕರೆಯೂ ಅರ್ಧ ತಾಸಿನದು, ಅವಳು ಮನೆಯ ಹೊರಗಿದ್ದ ಹೊತ್ತಿನದು.

ದೇವವ್ವ ಅವಳ ಒಡಹುಟ್ಟಿದ ಅಕ್ಕ. ಅವ್ವ ತೀರಿಕೊಂಡಾಗ ಅಕ್ಕ ಸುದ್ದಿ ಮುಟ್ಟಿಸಿದ್ದು ತಡವಾಗಿ. ಸುಚಿತ್ರಾ ಗುತ್ತಲದಲ್ಲಿ ಬಸ್ಸಿಳಿಯುವ ಹೊತ್ತಿಗೆ ಮಣ್ಣು ಮುಗಿದು ಜನ ಕೈಕಾಲು ತೊಳೆಯುತ್ತಿದ್ದರು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತು ನಿಂತು ಎಷ್ಟೋ ವರ್ಷಗಳಾಗಿದ್ದವು.

ಮರುದಿನ ಮಧ್ಯಾಹ್ನ ಅವಳು ಹಿತ್ತಲಿನಲ್ಲಿ ಕಟ್ಟಿಗೆ ಆರಿಸುತ್ತಿದ್ದಾಗ ಒಳಗೆ ಯಾರೋ ಮಾತಾಡುವುದು ಕೇಳಿಸಿತು. ಗಂಡ ಪುಂಡಲೀಕ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ ಕೆಲಸಕ್ಕೆ ಹೋಗಿದ್ದ, ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟಳು. ಅದು ಅವಳದೇ ದನಿ. "ಹೂಂ... ಹೇಳಬೇ ಯಕ್ಕಾ... ಆಮ್ಯಾಲೆ ಏನಾತು?" ಎನ್ನುತ್ತಿತ್ತು. ಅವಳೆಂದೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ. ಹೊಸ್ತಿಲು ದಾಟುತ್ತಲೇ ದನಿ ನಿಂತಿತು. ಮಾಡದಲ್ಲಿ ಫೋನಿನ ಪರದೆ ಇನ್ನೂ ಬೆಳಗುತ್ತಿತ್ತು.

ಅವಳು ಮೂರನೆಯ ಸಲ ದುರಸ್ತಿಗೆಂದು ರಾಣೆಬೆನ್ನೂರಿಗೆ ಹೋದಾಗ ಜೊತೆಗೆ ಪುಂಡಲೀಕನೂ ಇದ್ದ. ರುದ್ರಮುನಿ ಕರೆಗಳ ಪಟ್ಟಿಯನ್ನು ಅವಳ ಮುಂದೆಯೇ ಹಿಡಿದ.

"ಅರ್ಧರ್ಧ ತಾಸು ಮಾತಾಡೀರಿ. ಮಾತಾಡೋರು ನೀವು, ದೋಷ ಫೋನಿಂದೇನ್ರಿ?"

"ನಾ ಮಾತಾಡಿಲ್ಲ."

"ಹಂಗಾರ ಯಾರು ಮಾತಾಡ್ಯಾರ?"

ಅವಳು ಬೇರೆ ಫೋನು ಕೊಡು, ಇಲ್ಲವೇ ಕರಾರು ಮುರಿ ಎಂದರೆ ರುದ್ರಮುನಿ ಸಾಲ ಕೊಟ್ಟ ಕಂಪನಿಯ ಕಡೆ ಬೆರಳು ತೋರಿಸಿದ. ಕಂಪನಿಯವರನ್ನು ಕೇಳಿದರೆ ಅವರು ಅಂಗಡಿಯ ಕಡೆ ತೋರಿಸಿದರು. ಸುಚಿತ್ರಾ ಸಿಟ್ಟಿನಿಂದ ಕಂತು ಕಟ್ಟುವುದನ್ನು ಬಿಟ್ಟಳು. ಕಂಪನಿ ಅಲ್ಲಿಂದಲೇ ಫೋನಿಗೆ ಬೀಗ ಜಡಿಯಿತು. ಪರದೆಯ ಮೇಲೆ ಬಾಕಿ ಕಟ್ಟಿರಿ ಎಂಬ ಕೆಂಪು ಅಕ್ಷರ ಬಿಟ್ಟು ಬೇರೇನೂ ಬಾರದಾಯಿತು. ಅಂಥ ಬೀಗ ಬಿದ್ದ ಫೋನಿನಿಂದಲೂ ಮಧ್ಯಾಹ್ನದ ಹೊತ್ತಿಗೆ ಅವಳ ದನಿ ಕೇಳಿಬರುತ್ತಿತ್ತು.

"ಗ್ರಾಹಕರ ಆಯೋಗಕ್ಕ ಹೋಗೂಣು," ಎಂದ ಪುಂಡಲೀಕ. "ವಕೀಲ್ರು ಬೇಕಂತೇನಿಲ್ಲ, ನೀನ ನಿಂತು ಹೇಳಬಹುದಂತ. ರಿಪೇರಿ ಚೀಟಿ ಎಲ್ಲಾ ಅದಾವಲ್ಲ?"

ಇದ್ದವು. ಅಂಗಡಿ, ಕಂಪನಿ ಎರಡರ ಮೇಲೂ ಅವಳು ಹಾವೇರಿಯ ಆಯೋಗಕ್ಕೆ ದೂರು ಕೊಟ್ಟಳು. ಫೋನನ್ನು ಕಂದು ಲಕೋಟೆಯಲ್ಲಿಟ್ಟು ಅರಗಿನ ಮುದ್ರೆ ಹಾಕಿ ಅಲ್ಲೇ ಇರಿಸಿಕೊಂಡರು. ಆ ರಾತ್ರಿ ಅವಳು ಬಹಳ ದಿನಗಳ ಮೇಲೆ ನಿಶ್ಚಿಂತೆಯಿಂದ ಮಲಗಿದಳು.

ವಿಚಾರಣೆಯ ದಿನ ಲಕೋಟೆ ಆಯೋಗದ ಅಧ್ಯಕ್ಷೆಯ ಮುಂದಿನ ಮೇಜಿನ ಮೇಲಿತ್ತು. ರುದ್ರಮುನಿಯ ವಕೀಲರು, ಇದು ಬಳಸುವವರ ತಪ್ಪು, ಫೋನು ಸರಿಯಾಗಿಯೇ ಇದೆ ಎಂದು ವಾದಿಸಿದರು. ಸುಚಿತ್ರಾಳ ಸರದಿ ಬಂತು. ಅವಳು ಎದ್ದು ನಿಂತು, ಪರದೆ ಬದಲಿಸಿದ್ದು, ಬೋರ್ಡು ಬದಲಿಸಿದ್ದು, ಮತ್ತೆ ಕೆಟ್ಟಿದ್ದು ಎಲ್ಲ ಹೇಳತೊಡಗಿದಳು. ದನಿಯ ಸುದ್ದಿಯನ್ನು ಮಾತ್ರ ಹೇಳಲಿಲ್ಲ. ಹೇಳಿದರೆ ಹುಚ್ಚಿ ಅಂದಾರು ಎಂಬ ಅಂಜಿಕೆ.

ಅಷ್ಟರಲ್ಲಿ ಬಾಗಿಲಲ್ಲಿ ಗದ್ದಲವಾಯಿತು. ಸಿಪಾಯಿ ತಡೆಯುತ್ತಿದ್ದರೂ ಸೆರಗು ಹೊದ್ದ ಒಬ್ಬ ಹೆಂಗಸು ಕಿವಿಗೆ ಫೋನು ಹಚ್ಚಿಕೊಂಡೇ ಒಳಗೆ ಬಂದಳು.

"ಒಳಗ ಬಂದೇನಿ ತಂಗಿ, ಎಲ್ಲಿ ನಿಂತೀದಿ?" ಎಂದು ಫೋನಿಗೆ ಹೇಳುತ್ತಲೇ ತಲೆ ಎತ್ತಿದವಳು ಸುಚಿತ್ರಾಳನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಬಂದವಳು ದೇವವ್ವ.

ಸುಚಿತ್ರಾಳ ಕೈಯಲ್ಲಿ ಫೋನಿರಲಿಲ್ಲ. ಅವಳ ಬಾಯಿ ಮುಚ್ಚಿತ್ತು. ದೇವವ್ವ ತಂಗಿಯ ಮುಖವನ್ನೇ ನೋಡುತ್ತ, ಕಿವಿಯಲ್ಲಿ ಬರುತ್ತಿದ್ದುದನ್ನು ಇನ್ನೂ ಕೇಳುತ್ತಿದ್ದಳು. ಮೇಜಿನ ಮೇಲೆ ಮುದ್ರೆಯೊಡೆಯದ ಲಕೋಟೆಯ ಒಳಗಿಂದ ಬೆಳಕು ಕಾಣುತ್ತಿತ್ತು.

ಅಧ್ಯಕ್ಷೆ ಕೈ ಚಾಚಿ ದೇವವ್ವನ ಫೋನು ಇಸಿದುಕೊಂಡು ಕಿವಿಗಿಟ್ಟರು. ಬಹಳ ಹೊತ್ತು ಕೇಳಿದರು. ಕೇಳುತ್ತ ಒಮ್ಮೆ ಲಕೋಟೆಯನ್ನು, ಒಮ್ಮೆ ಸುಚಿತ್ರಾಳನ್ನು ನೋಡಿದರು. ಆಮೇಲೆ ಅದನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ರುದ್ರಮುನಿಯ ವಕೀಲರಿಗೆ, "ನೀವೂ ಒಮ್ಮೆ ಕೇಳ್ತೀರೇನು?" ಎಂದರು. ವಕೀಲರು ಬೇಡವೆಂದು ತಲೆಯಲ್ಲಾಡಿಸಿದರು. ರುದ್ರಮುನಿ ಆಗಲೇ ಬಾಗಿಲ ಹತ್ತಿರ ಹೋಗಿ ನಿಂತಿದ್ದ.

ಆದೇಶ ಕೆಲವೇ ದಿನಗಳಲ್ಲಿ ಬಂತು. ಪದೇಪದೇ ದುರಸ್ತಿ ಮಾಡಿದರೂ ನೀಗದ ದೋಷವಿದೆ, ಕರಾರು ರದ್ದು ಮಾಡಬೇಕು, ಕಟ್ಟಿದ ಕಂತುಗಳನ್ನೆಲ್ಲ ಮರಳಿಸಬೇಕು, ಅಂಗಡಿಯವರು ಫೋನನ್ನು ಹಿಂದಕ್ಕೆ ಪಡೆಯಬೇಕು ಎಂದಿತ್ತು. ದೋಷ ಯಾವುದೆಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ. ಹಣ ತಕರಾರಿಲ್ಲದೆ ಬಂತು. ಫೋನನ್ನು ಒಯ್ಯಲು ರುದ್ರಮುನಿ ಬರಲೇ ಇಲ್ಲ ಎಂದು ಸುಚಿತ್ರಾಗೆ ಆಮೇಲೆ ಗೊತ್ತಾಯಿತು.

ಅಂದು ವಿಚಾರಣೆ ಮುಗಿದ ಮೇಲೆ ಅಕ್ಕತಂಗಿ ಹೊರಗಿನ ಬೇವಿನ ನೆರಳಿನಲ್ಲಿ ನಿಂತಿದ್ದರು. ದೇವವ್ವ ತಂಗಿಯ ಕಡೆ ತಿರುಗಿದಳು.

"ಹಾವೇರಿಗೆ ಬಾ ಅಂತ ನೀನ ಕರದ್ಯಲ್ಲ?"

"ನಾ ಕರದಿಲ್ಲ ಯಕ್ಕಾ. ಒಮ್ಮಿನೂ ಮಾತಾಡಿಲ್ಲ."

"ಹಂಗಾರ ಅವ್ವನ ಕಡೀ ದಿನದ್ದು ಎಲ್ಲಾ ನಾ ಯಾರ ಮುಂದ ಹೇಳಿದೆ?" ಎಂದಳು ದೇವವ್ವ.

ಸುಚಿತ್ರಾ ಇಷ್ಟು ವರ್ಷ ಕೇಳಬೇಕೆಂದಿದ್ದುದು, ಬಿಗುಮಾನಕ್ಕೆ ಕೇಳದೆ ಉಳಿದಿದ್ದುದು ಅದೊಂದೇ. "ನನಗ ಇನ್ನೊಮ್ಮೆ ಹೇಳತೀಯೇನು?" ಎಂದಳು. ದೇವವ್ವ, "ಮನೀಗೆ ಬಾ" ಎಂದಳು.

ಮುಂದಿನ ಅಮಾವಾಸ್ಯೆ ಕಳೆದ ಮೇಲೆ ಸುಚಿತ್ರಾ ಗುತ್ತಲಕ್ಕೆ ಹೋದಳು. ಪಡಸಾಲೆಯಲ್ಲಿ ಮೊರ ನಡುವೆ ಇಟ್ಟುಕೊಂಡು ಶೇಂಗಾ ಒಡೆಯುತ್ತ ದೇವವ್ವ ಹೇಳತೊಡಗಿದಳು. ಅವ್ವ ಮುಂಜಾನೆ ಗಂಜಿ ಬೇಡವೆಂದದ್ದು, ತಂಗಿಯ ಹೆಸರು ಹಿಡಿದು ಕೂಗಿದ್ದು, ಇಂದೋ ನಾಳೆಯೋ ಆರಾಮಾದಾಳು ಎಂದು ತಾನು ಸುದ್ದಿ ಕಳಿಸದೆ ಉಳಿದದ್ದು. ಸುಚಿತ್ರಾ ತಾನೂ ಶೇಂಗಾ ಒಡೆಯುತ್ತಲೇ ಕೇಳಿದಳು. ಅವಳ ಕಣ್ಣಲ್ಲಿ ನೀರು ಬರಲಿಲ್ಲ.

ದೇವವ್ವ ನಡುವೆಯೇ ನಿಲ್ಲಿಸಿ ಅವಳ ಮುಖ ನೋಡಿದಳು.

"ಈ ಮಾತು ಬಂದಾಗ ಫೋನಿನ್ಯಾಗ ನೀ ಅತ್ತಿದ್ದಿ," ಎಂದಳು. "ಭಾಳ ಹೊತ್ತು ಅತ್ತಿದ್ದಿ."

ಸುಚಿತ್ರಾ ತಲೆ ತಗ್ಗಿಸಿ ಇನ್ನೊಂದು ಮುಷ್ಟಿ ಶೇಂಗಾ ತೆಗೆದುಕೊಂಡಳು.